ಉಂಗುರದ ಬೆರಳಿನ ಹಟ

ಮೊದಲೇ ಹೇಳಿಬಿಡುತ್ತೇನೆ. ಈ ಕಾಯಿಲೆ ನನಗೆ ಯಾವ ಪಾಠವನ್ನೂ ಕಲಿಸಲಿಲ್ಲ. ತಾಳ್ಮೆ ಕಲಿಸಲಿಲ್ಲ, ಬದುಕಿನ ಬೆಲೆ ತಿಳಿಸಲಿಲ್ಲ, ನನ್ನನ್ನು ಮೊದಲಿಗಿಂತ ಒಳ್ಳೆಯ ಹೆಂಗಸನ್ನಾಗಿಯೂ ಮಾಡಲಿಲ್ಲ. ಕಾಯಿಲೆಯಿಂದ ಎದ್ದವರು ಬರೆದದ್ದನ್ನೆಲ್ಲ ಆ ದಿನಗಳಲ್ಲಿ ಹುಡುಕಿ ಹುಡುಕಿ ಓದಿದ್ದೆ. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಎಲ್ಲರೂ ಯಾರಿಗಾದರೂ ಕೃತಜ್ಞತೆ ಹೇಳುತ್ತಿದ್ದರು. ನನಗೋ ಮೈಯೆಲ್ಲ ಉರಿಯುತ್ತಿತ್ತು, ಹಾಗೆ ಉರಿಯುವವಳು ನಾನೊಬ್ಬಳೇ ಇರಬೇಕು ಅನ್ನಿಸುತ್ತಿತ್ತು. ನಿಮಗೂ ಹಾಗೇ ಆಗುತ್ತಿದ್ದರೆ ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ.

ನಾನು ಪಿಯಾನೊ ನುಡಿಸುವವಳು. ಹವ್ಯಾಸಕ್ಕಲ್ಲ, ಅದೇ ನನ್ನ ಕೆಲಸ. ಟೆಕ್ಸಾಸಿನ ಡಾಲಸ್, ಹ್ಯೂಸ್ಟನ್, ಆಸ್ಟಿನ್ ಎಂದು ಮೂರು ಊರುಗಳ ನಡುವೆ ಕಾರು ಓಡಿಸಿಕೊಂಡು ಕಛೇರಿ ಕೊಡುತ್ತಿದ್ದೆ. ಅದರಲ್ಲೂ ಹೆಚ್ಚಾಗಿ ನುಡಿಸುತ್ತಿದ್ದುದು ಬ್ರಿಟಿಷ್ ಸಂಯೋಜಕರನ್ನು. ಜರ್ಮನರು ಮತ್ತು ರಷ್ಯನ್ನರ ಗದ್ದಲದಲ್ಲಿ ಯಾರೂ ತಿರುಗಿ ನೋಡದೆ ಬಿಟ್ಟ ಸೊನಾಟಾಗಳು, ವಾದ್ಯವೃಂದವನ್ನು ಹಿಂದೆ ಕೂರಿಸಿಕೊಂಡು ಒಬ್ಬರೇ ಮುಂದೆ ನುಡಿಸುವ ಕಾನ್ಚೆರ್ಟೊಗಳು. ಬೆಂಗಳೂರಿನ ಕುಕ್ ಟೌನಿನಲ್ಲಿ ನನಗೆ ಪಾಠ ಹೇಳಿದ ಆಂಗ್ಲೋ ಇಂಡಿಯನ್ ಟೀಚರ್ ಮಿಸ್ ಡೋರೀನ್ ಅವರ ಕಪಾಟಿನಲ್ಲಿ ಇದ್ದದ್ದೇ ಅಷ್ಟು. ಬೇರೆ ಮಕ್ಕಳು ಸರಳೆ, ಜಂಟಿ ವರಸೆ ಹಾಡುವ ವಯಸ್ಸಿನಲ್ಲಿ ನಾನು ಯಾವುದೋ ಇಂಗ್ಲಿಷ್ ಹಳ್ಳಿಯ ಕುಣಿತದ ಮಟ್ಟು ನುಡಿಸುತ್ತಿದ್ದೆ. ಹಾಗಾಗಿ ಅದು ನನಗೆ ಪರದೇಶದ ಸಂಗೀತ ಅನ್ನಿಸಿದ್ದೇ ಇಲ್ಲ.

ಇದನ್ನು ಯಾರಿಗೆ ಹೇಳಿದರೂ ಅರ್ಥವಾಗುತ್ತಿರಲಿಲ್ಲ. ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ ಒಂದು ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತ ಅಂಕಲ್ ಒಬ್ಬರು, "ಅಲ್ಲಮ್ಮಾ, ಅವರು ಅಷ್ಟು ವರ್ಷ ನಮ್ಮ ತಲೆ ಮೇಲೆ ಕೂತಿದ್ದು ಸಾಲದಾ? ಈಗ ಅಮೆರಿಕಾಕ್ಕೆ ಬಂದು ಅವರ ಭಜನೆ ಮಾಡ್ಬೇಕಾ ನೀನು?" ಎಂದಿದ್ದರು. ಹೋಳಿಗೆ ಬಾಯಲ್ಲಿತ್ತು, ಇಲ್ಲದಿದ್ದರೆ ಏನಾದರೂ ಅಂದುಬಿಡುತ್ತಿದ್ದೆ. ನಾನು ನುಡಿಸುತ್ತಿದ್ದುದು ವೈಸ್‌ರಾಯ್‌ಗಳನ್ನಲ್ಲ. ಅವರಲ್ಲೊಬ್ಬಳು ಶಾಲೆಯಲ್ಲಿ ಪಾಠ ಹೇಳಿಕೊಂಡು, ರಜೆಯಲ್ಲಿ ಕೂತು ಒಂದು ಕಾನ್ಚೆರ್ಟೊ ಬರೆದವಳು. ಅವಳು ಬದುಕಿದ್ದಾಗ ಅದನ್ನೊಮ್ಮೆ ನುಡಿಸಿ ಮೂಲೆಗೆ ಹಾಕಿದರು. ಅವಳ ಹೆಸರು ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ, ನನ್ನ ಜಗಳವೇ ಅದು. ಆ ಕಾನ್ಚೆರ್ಟೊವನ್ನು ನುಡಿಸಲು ಬಿಡಿ ಎಂದು ವಾದ್ಯವೃಂದಗಳ ಬಾಗಿಲನ್ನು ವರ್ಷಗಟ್ಟಲೆ ತಟ್ಟಿದೆ. "ಟಿಕೆಟ್ ಹೋಗೋದಿಲ್ಲ" ಎಂಬ ಒಂದೇ ಉತ್ತರ ಎಲ್ಲರದ್ದೂ. ಕೊನೆಗೆ ಆಸ್ಟಿನ್‌ನ ಒಂದು ಸಣ್ಣ ವಾದ್ಯವೃಂದದ ನಿರ್ದೇಶಕ, ಡೇವಿಡ್ ಎಂದು, ಒಪ್ಪಿಕೊಂಡ. ಮುಂದಿನ ವಸಂತಕ್ಕೆ ಕಛೇರಿ ಎಂದು ನಿಶ್ಚಯವಾಯಿತು.

ಆ ಬೇಸಿಗೆಯಲ್ಲೇ ಬೆರಳು ಕೈಕೊಟ್ಟಿತು.

ಡಾಲಸ್‌ಗೆ ಹತ್ತಿರದ ಅಲೆನ್‌ನಲ್ಲಿ ನಮ್ಮ ಮನೆ. ಬೆಳಿಗ್ಗೆ ನನ್ನ ಗಂಡ ಸುಧೀಂದ್ರ ಪ್ಲೇನೊದ ಆಫೀಸಿಗೆ ಹೊರಟ ಮೇಲೆ ನಾನು ಪಿಯಾನೊ ಮುಂದೆ ಕೂರುವುದು ರೂಢಿ. ಅಮ್ಮ ಒಳಗೆ ಅಡುಗೆ ಮಾಡುತ್ತಿರುತ್ತಾಳೆ. ಅಪ್ಪ ಹೋದ ಮೇಲೆ ಅವಳು ನಮ್ಮ ಜೊತೆಯಲ್ಲೇ ಇದ್ದಾಳೆ. ಒಂದು ದಿನ ಕಾನ್ಚೆರ್ಟೊದ ಮೊದಲ ಭಾಗದಲ್ಲಿ ಬಲಗೈ ಮೇಲಕ್ಕೆ ಓಡುವ ಒಂದು ಕಡೆ ಉಂಗುರದ ಬೆರಳು ತಡವರಿಸಿತು. ಮತ್ತೆ ನುಡಿಸಿದೆ, ಮತ್ತೆ ತಡವರಿಸಿತು. ನೋವಿರಲಿಲ್ಲ. ಬೆರಳು ತಾನಾಗಿ ಅಂಗೈ ಕಡೆಗೆ ಮಡಚಿಕೊಳ್ಳುತ್ತಿತ್ತು, ಅಷ್ಟೆ.

ಇಂಥ ಹೊತ್ತಿನಲ್ಲಿ ಬೇರೆ ಕಸುಬಿನವರು ಏನು ಮಾಡುತ್ತಾರೋ ಗೊತ್ತಿಲ್ಲ. ನಮ್ಮ ಕಸುಬಿನಲ್ಲಿ ಎಲ್ಲಕ್ಕೂ ಒಂದೇ ಮದ್ದು: ಇನ್ನಷ್ಟು ಅಭ್ಯಾಸ. ಬೆರಳು ಮಾತು ಕೇಳದಿದ್ದರೆ ಸಾಧನೆ ಸಾಲದು ಎಂದೇ ಅರ್ಥ. ಮಿಸ್ ಡೋರೀನ್ ಅದನ್ನೇ ಹೇಳಿದ್ದರು, ಆಮೇಲೆ ಕಲಿಸಿದವರೆಲ್ಲ ಅದನ್ನೇ ಹೇಳಿದ್ದರು. ನಿಧಾನ ಮಾಡು, ಲಯದ ಯಂತ್ರ ಹಚ್ಚಿಕೋ, ಸರಿಯಾಗುವವರೆಗೂ ಬಿಡಬೇಡ. ನಾನು ಬಿಡಲಿಲ್ಲ. ಊಟಕ್ಕೆ ಎದ್ದು ಬಂದು ಮತ್ತೆ ಅದೇ ಸಾಲು, ಅದೇ ಬೆರಳು. ವಾರಗಳು ಕಳೆದಂತೆ ಕಿರುಬೆರಳೂ ಮಡಚತೊಡಗಿತು. ಪ್ರತಿ ಸಲ ತಪ್ಪಾಗಿ ನುಡಿಸಿದಾಗಲೂ ಆ ತಪ್ಪನ್ನೇ ಮೆದುಳಿಗೆ ಇನ್ನಷ್ಟು ಗಟ್ಟಿಯಾಗಿ ಕಲಿಸುತ್ತಿದ್ದೆ ಎನ್ನುವುದನ್ನು ನನಗೆ ಯಾರೂ ಹೇಳಿರಲಿಲ್ಲ. ಪಿಯಾನೊ ಶಾಲೆಗಳಲ್ಲಿ ಅಷ್ಟು ವರ್ಷ ಕಳೆದಿದ್ದೇನೆ. ಸ್ಕೇಲು ಹೇಗೆ, ಪೆಡಲು ಹೇಗೆ, ವೇದಿಕೆಯ ಮೇಲೆ ಬಾಗಿ ನಮಸ್ಕರಿಸುವುದು ಹೇಗೆ ಎಂಬುದನ್ನೆಲ್ಲ ಕಲಿಸಿದರು. ಯಾವಾಗ ನಿಲ್ಲಿಸಬೇಕು ಎಂದು ಒಬ್ಬರೂ ಕಲಿಸಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ರಕ್ತ ಕುದಿಯುತ್ತದೆ.

ಇನ್ನೊಂದು ರೂಢಿಯೂ ಇದೆ, ಬಾಯಿ ಮುಚ್ಚಿಕೊಂಡಿರುವುದು. ಇವಳ ಕೈಯಲ್ಲಿ ಏನೋ ದೋಷವಿದೆಯಂತೆ ಎಂದು ಒಮ್ಮೆ ಸುದ್ದಿಯಾದರೆ ಕಛೇರಿಗೆ ಕರೆಯುವವರ ಫೋನು ನಿಂತುಹೋಗುತ್ತದೆ. ಅದಕ್ಕೇ ಡೇವಿಡ್‌ಗೆ ಹೇಳಲಿಲ್ಲ. ಅಮ್ಮನಿಗೆ ಹೇಳುವ ಅಗತ್ಯ ಬರಲಿಲ್ಲ, ಅವಳು ಅಡುಗೆಮನೆಯಿಂದಲೇ ಕೇಳಿಸಿಕೊಂಡಿದ್ದಳು.

"ಯಾಕೇ, ಅಲ್ಲೇ ಎಡವ್ತಾ ಇದೀಯ ದಿನಾ?" ಎಂದಳು ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು.

ಕೈ ತೋರಿಸಿದೆ. ಅವಳು ಬೆರಳನ್ನು ಹಿಡಿದು ನೀವಿದಳು. ಅವಳ ಕೈಯಲ್ಲಿ ಅದು ನೆಟ್ಟಗೆ, ಮೆತ್ತಗೆ ಇತ್ತು. ಸಂಜೆ ಉಪ್ಪು ಮೆಣಸಿನಕಾಯಿ ತಂದು ನಿವಾಳಿಸಿ ಒಲೆಯ ಮೇಲೆ ಸುಟ್ಟಳು. ಹೊಗೆಗೆ ಸೀಲಿಂಗಿನ ಅಲಾರಾಂ ಕೂಗಿಕೊಂಡಿತು. ಸುಧೀಂದ್ರ ಕುರ್ಚಿ ಹತ್ತಿ ಅದರ ಬ್ಯಾಟರಿ ಕಿತ್ತ.

ಡಾಲಸ್‌ನ ಮೊದಲ ಡಾಕ್ಟರು ಮೂಳೆಯವರು. ಎಕ್ಸ್‌ರೇ ತೆಗೆಸಿದರು, ಸ್ಕ್ಯಾನ್ ಮಾಡಿಸಿದರು, ಎಲ್ಲ ಸರಿಯಾಗಿದೆ ಎಂದರು. ಎರಡನೆಯವರು ಕೈಯ ಸರ್ಜನ್. ಮುಷ್ಟಿ ಹಿಡಿಯಲು ಹೇಳಿದರು, ಹಿಡಿದೆ. ಮೇಜಿನ ಮೇಲೆ ಬೆರಳು ಕುಣಿಸಲು ಹೇಳಿದರು. ಐದೂ ಬೆರಳು ಚೆನ್ನಾಗಿ ಕುಣಿದವು. ನನ್ನದೇ ಬೆರಳು ಪರರ ಮುಂದೆ ಅಷ್ಟು ಸಾಧುವಾಗಿ ನಡೆದುಕೊಳ್ಳುವುದನ್ನು ಕಂಡು ಅದಕ್ಕೆ ನಾಲ್ಕು ಬಾರಿಸಬೇಕು ಅನ್ನಿಸಿತು.

"ಇತ್ತೀಚೆಗೆ ಮನೆಯಲ್ಲಿ ಏನಾದರೂ ಒತ್ತಡ ಇದೆಯಾ?" ಎಂದು ಕೇಳಿದರು ಆ ಡಾಕ್ಟರು.

"ಕೈ ಸರಿಯಿಲ್ಲ, ಅದೇ ಒತ್ತಡ" ಎಂದೆ.

"ಒಂದಷ್ಟು ದಿನ ಸಿಟ್ಟು ಕಡಿಮೆ ಮಾಡಿಕೊಳ್ಳಿ. ಯೋಗ ಮಾಡುತ್ತೀರಾ? ನಿಮ್ಮ ಕಡೆಯವರಿಗೆ ಅದು ಚೆನ್ನಾಗಿ ಬರುತ್ತದಲ್ಲ."

ಪಾರ್ಕಿಂಗ್ ಜಾಗದಲ್ಲಿ ಕಾರಿನ ಗಾಜು ಏರಿಸಿಕೊಂಡು ಕನ್ನಡದಲ್ಲಿ ಬಾಯಿ ತುಂಬ ಬೈದೆ. ಸುಧೀಂದ್ರ ಸ್ಟಿಯರಿಂಗ್ ಹಿಡಿದು ಕೂತಿದ್ದ. ನಾನು ಮುಗಿಸಿದ ಮೇಲೆ, "ಮುಗೀತಾ? ಮೂರನೇ ಡಾಕ್ಟರನ್ನ ಹುಡುಕೋಣ" ಎಂದ. ಅವನು ಸಾಫ್ಟ್‌ವೇರಿನವನು. ತಪ್ಪು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂಬುದು ಅವನ ಧರ್ಮ. ಆಗ ನನಗೆ ಅದೂ ಸಿಟ್ಟು ತರಿಸಿತು, ಆದರೆ ಹ್ಯೂಸ್ಟನ್‌ನ ನರರೋಗದ ಡಾಕ್ಟರನ್ನು ಹುಡುಕಿದವನು ಅವನೇ.

ಹ್ಯೂಸ್ಟನ್‌ನ ಆ ಆಸ್ಪತ್ರೆಯ ಹಜಾರದಲ್ಲಿ ಒಂದು ದೊಡ್ಡ ಕಪ್ಪು ಪಿಯಾನೊ ಇತ್ತು. ಅದರ ಮುಂದೆ ಯಾರೂ ಕೂತಿರಲಿಲ್ಲ. ಆದರೂ ಅದು ನುಡಿಯುತ್ತಿತ್ತು, ಒಳಗೆ ಯಂತ್ರ ಕೂರಿಸಿದ್ದರು. ಪಿಯಾನೊದ ಕಪ್ಪು ಬಿಳಿ ಮನೆಗಳು ತಾವಾಗಿ ಕೆಳಗಿಳಿಯುತ್ತಿದ್ದವು, ಮೇಲೇಳುತ್ತಿದ್ದವು. ಗಾಲಿಕುರ್ಚಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿ ನಗುತ್ತಿದ್ದರು. ನನ್ನ ಸರದಿ ಬರುವವರೆಗೆ ಅದರ ಎದುರಿನ ಸೋಫಾದಲ್ಲೇ ನಾನು ಕೂರಬೇಕಾಯಿತು. ಬೆರಳೇ ಇಲ್ಲದ ಆ ಪೆಟ್ಟಿಗೆ ಒಂದು ಸ್ವರವನ್ನೂ ತಪ್ಪದೆ ನುಡಿಸುತ್ತಿತ್ತು. ಗಾಯದ ಮೇಲೆ ಉಪ್ಪು ಸವರುವುದು ಅಂದರೆ ಇದೇ.

ನನ್ನ ಜೊತೆ ಬಂದಿದ್ದ ಅಮ್ಮ ಎದ್ದು ರಿಸೆಪ್ಷನ್ ಹತ್ತಿರ ಹೋಗಿ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, ದಯವಿಟ್ಟು ಅದನ್ನು ನಿಲ್ಲಿಸಿ ಎಂದು ಕೇಳಿದಳು. ಅಲ್ಲಿದ್ದ ಹುಡುಗಿ, ಎಲ್ಲರಿಗೂ ಅದು ತುಂಬ ಇಷ್ಟ ಎಂದಳು. ಅಮ್ಮ ನಗುತ್ತಲೇ ವಾಪಸು ಬಂದು ಪಕ್ಕದಲ್ಲಿ ಕೂತು, "ಹೋಗಲಿ ಬಿಡೇ. ಎಲ್ಲಾದಕ್ಕೂ ಒಂದು ಕಾರಣ ಇರತ್ತೆ. ದೇವರು ಇಟ್ಟ ಹಾಗೆ ಇರಬೇಕು" ಎಂದಳು.

"ಯಾವ ಕಾರಣ ಹೇಳಮ್ಮ? ಒಂದು ಹೇಳು."

"ಸಿಟ್ಟು ಮಾಡ್ಕೋಬೇಡ, ಕೈಗೆ ಒಳ್ಳೇದಲ್ಲ."

ಆ ವರ್ಷ ನಾನು ಅತಿ ಹೆಚ್ಚು ಕೇಳಿದ ಮಾತು ಇದೇ. ಡಾಕ್ಟರು, ಫಿಸಿಯೋಥೆರಪಿಯವಳು, ಇರ್ವಿಂಗ್‌ನ ಆಂಟಿಯರು, ಮನೆಯವರು, ಎಲ್ಲರಿಗೂ ನನ್ನ ಬೆರಳಿಗಿಂತ ನನ್ನ ಸಿಟ್ಟೇ ದೊಡ್ಡ ರೋಗವಾಗಿ ಕಾಣುತ್ತಿತ್ತು. ಕಾಲು ಮುರಿದವನಿಗೆ ಯಾರೂ ಹೀಗೆ ಹೇಳುವುದಿಲ್ಲ. ಅಮ್ಮನ ಬಾಯಲ್ಲೂ ಅದನ್ನೇ ಕೇಳಿದಾಗ ಇನ್ನು ನನ್ನ ಕಡೆ ಯಾರೂ ಇಲ್ಲ ಅನ್ನಿಸಿತು.

ಒಳಗಿದ್ದ ಡಾಕ್ಟರು ಮಧ್ಯವಯಸ್ಸಿನ ಹೆಂಗಸು. ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. "ಮೇಜಿನ ಮೇಲೆ ಬೇಡ, ಪಿಯಾನೊ ಮೇಲೆ ನೋಡಬೇಕು" ಎಂದು ನರ್ಸನ್ನು ಕಳಿಸಿ ಮಕ್ಕಳ ವಾರ್ಡಿನಿಂದ ಒಂದು ಆಟದ ಕೀಬೋರ್ಡ್ ತರಿಸಿದರು. ಅದರ ಒಂದು ಮೂಲೆಯಲ್ಲಿ ಆನೆಯ ಚಿತ್ರವಿತ್ತು. ನಾನು ಅದರ ಮೇಲೆ ಕಾನ್ಚೆರ್ಟೊದ ಆ ಸಾಲನ್ನು ನುಡಿಸಿದೆ. ಬೆರಳು ಮಡಚಿಕೊಂಡಿತು.

"ಹಾಂ. ಕಾಣುತ್ತಿದೆ" ಎಂದರು ಅವರು.

ಅಷ್ಟೇ ಮಾತು. ನಾನು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅಷ್ಟು ತಿಂಗಳಲ್ಲಿ ಅದು ಬೇರೆಯವರ ಕಣ್ಣಿಗೆ ಕಂಡದ್ದು ಅದೇ ಮೊದಲು. ಫೋಕಲ್ ಡಿಸ್ಟೋನಿಯಾ ಎಂದು ಹೆಸರು ಹೇಳಿದರು. ಒಂದೇ ಕೆಲಸವನ್ನು ಜೀವಮಾನವೆಲ್ಲ ಮಾಡಿದ ಕೈಗಳಿಗೆ ಬರುವಂಥದು, ಆ ಕೆಲಸ ಮಾಡುವಾಗ ಮಾತ್ರ ಕಾಣಿಸಿಕೊಳ್ಳುವಂಥದು. ಪೂರ್ತಿ ವಾಸಿಯಾಗುತ್ತದೆ ಎಂದು ನಾನು ಮಾತು ಕೊಡಲಾರೆ ಎಂದರು. ಮುಖದ ಸುಕ್ಕು ಹೋಗಲಿ ಎಂದು ಸಿನಿಮಾದವರು ಹಾಕಿಸಿಕೊಳ್ಳುವ ಆ ವಿಷದ ಇಂಜೆಕ್ಷನ್ನನ್ನು ನನ್ನ ಮುಂದೋಳಿಗೆ ಹಾಕುವುದು, ಜೊತೆಗೆ ಬೆರಳಿಗೆ ಮೊದಲಿನಿಂದ ನುಡಿಸಲು ಕಲಿಸುವುದು, ಇದು ಚಿಕಿತ್ಸೆ. ನಾನು ಕಲಿತದ್ದನ್ನು ಬೆರಳು ಮರೆಯಬೇಕಂತೆ.

ಮಧ್ಯಾಹ್ನ ಹಿಲ್‌ಕ್ರಾಫ್ಟ್ ರಸ್ತೆಯ ಹೋಟೆಲಿಗೆ ಹೋದೆವು. ಸೀರೆ ಅಂಗಡಿಗಳ ನಡುವೆ ಇರುವಂಥದು, ದೋಸೆ ಚೆನ್ನಾಗಿರುತ್ತದೆ. ಬಲಗೈಯಲ್ಲಿ ದೋಸೆ ಮುರಿದೆ, ಚಟ್ನಿಗೆ ಅದ್ದಿದೆ. ಉಂಗುರದ ಬೆರಳು ಏನೂ ಗೊತ್ತಿಲ್ಲದ ಮಗುವಿನ ಹಾಗೆ ತನ್ನ ಕೆಲಸ ಮಾಡಿತು. ತಿನ್ನಲು ಬರುತ್ತದೆ, ಸೀರೆಯ ನಿರಿಗೆ ಹಿಡಿಯಲು ಬರುತ್ತದೆ, ಕಾರು ಓಡಿಸಲು ಬರುತ್ತದೆ. ಇಡೀ ಲೋಕದಲ್ಲಿ ಅದಕ್ಕೆ ಬಾರದೆ ಹೋದದ್ದು ನಾನು ಯಾವುದಕ್ಕಾಗಿ ಹುಟ್ಟಿದೆನೋ ಅದೊಂದೇ. ದೋಸೆ ಅರ್ಧಕ್ಕೆ ಬಿಟ್ಟು ಎದ್ದೆ.

ಮೊದಲ ಇಂಜೆಕ್ಷನ್ ಹೆಚ್ಚಾಯಿತು. ಬೆರಳು ಮಡಚುವುದು ನಿಂತಿತು, ಜೊತೆಗೆ ಒತ್ತುವ ಶಕ್ತಿಯೂ ಹೋಯಿತು. ಕಾಫಿ ಲೋಟ ಜಾರಿ ಬಿತ್ತು. ಎರಡನೆಯದನ್ನು ಕಡಿಮೆ ಹಾಕಿದರು, ಆಗ ಬೆರಳಿಗೆ ಹಳೆಯ ಬುದ್ಧಿ ಬಂತು. ನಡುವೆ ದಿನವೂ ಒಂದೊಂದೇ ಮನೆಯ ಮೇಲೆ ಬೆರಳಿಟ್ಟು, ಒತ್ತದೆ, ಸುಮ್ಮನೆ ಎತ್ತುವ ಅಭ್ಯಾಸ. ಶಿಶುವಿಹಾರದ ಮಕ್ಕಳೂ ಅದನ್ನು ಮಾಡಲು ಒಪ್ಪಲಾರರು. ಚಳಿಗಾಲ ಬರುವಷ್ಟರಲ್ಲಿ ಸ್ಪಷ್ಟವಾಯಿತು, ವಸಂತದ ಕಛೇರಿಯನ್ನು ನಾನು ನುಡಿಸಲಾರೆ. ಡೇವಿಡ್‌ಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ.

ಅವನು ನಿಜವಾಗಿಯೂ ಮರುಗಿದ. ಆಮೇಲೆ, "ನೀನು ವಿಶ್ರಾಂತಿ ತೆಗೆದುಕೋ. ಆ ದಿನಕ್ಕೆ ಎಲ್ಲರಿಗೂ ಗೊತ್ತಿರುವ ಯಾವುದಾದರೂ ರಷ್ಯನ್ ಕಾನ್ಚೆರ್ಟೊ ಹಾಕುತ್ತೇವೆ. ಒಂದು ಲೆಕ್ಕದಲ್ಲಿ ಟಿಕೆಟ್ಟಿಗೂ ಅನುಕೂಲ" ಎಂದ.

ಫೋನಿನಲ್ಲೇ ಕಿರುಚಿದೆ. "ನನ್ನ ಕೈ ಹೋಯಿತು ಅಂತ ಅವಳ ಕಾನ್ಚೆರ್ಟೊ ಯಾಕೆ ಹೋಗಬೇಕು? ಅವಳಿಗೇನು ಬಂದಿದೆ ರೋಗ?"

ಅವನು, "ಹಾಗಾದರೆ ಯಾರು ನುಡಿಸುತ್ತಾರೆ? ಇದು ಬರುವವರು ನಿನ್ನನ್ನು ಬಿಟ್ಟು ಯಾರಿದ್ದಾರೆ?" ಎಂದ. ನಾನು ಯಾರನ್ನಾದರೂ ತಂದರೆ ಕಾನ್ಚೆರ್ಟೊ ಉಳಿಯುತ್ತದೆ, ಇಲ್ಲವಾದರೆ ಇಲ್ಲ ಎಂದು ಮಾತಾಯಿತು.

ಡಾಲಸ್‌ನಲ್ಲಿ ಲಿಂಡಾ ಎಂಬ ಪಿಯಾನೊದವಳಿದ್ದಾಳೆ. ನನಗಿಂತ ಹಿರಿಯಳು, ಹೊಸ ಸ್ವರಲಿಪಿಯನ್ನು ನೀರು ಕುಡಿದಂತೆ ಓದುತ್ತಾಳೆ. ಬ್ರಿಟಿಷ್ ಸಂಗೀತವನ್ನು "ಬಿಸಿ ಮಾಡಲು ಮರೆತ ಟೀ" ಎಂದು ನನ್ನೆದುರೇ ಆಡಿಕೊಂಡವಳು. ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಅಷ್ಟು ಕಡಿಮೆ ಸಮಯದಲ್ಲಿ ಕಲಿಯಬಲ್ಲವಳು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವಳ ಬಾಗಿಲಿಗೇ ಹೋದೆ. ಅವಳು ಸ್ವರಲಿಪಿ ತಿರುವಿ ನೋಡಿ, "ಮೊದಲ ಭಾಗ ನನಗೆ ಹಿಡಿಸುತ್ತಿಲ್ಲ. ಎರಡನೆಯದಕ್ಕಾಗಿ ನುಡಿಸುತ್ತೇನೆ" ಎಂದಳು.

ವಾರಕ್ಕೆರಡು ಸಲ ಅವಳು ಅಲೆನ್‌ಗೆ ಬಂದು ನನ್ನ ಪಿಯಾನೊದ ಮುಂದೆ ಕೂರುತ್ತಿದ್ದಳು. ನಾನು ಪಕ್ಕದ ಕುರ್ಚಿಯಲ್ಲಿ. ನನ್ನ ಬೆರಳು ಮಡಚುತ್ತಿದ್ದ ಆ ಸಾಲನ್ನು ಅವಳು ಮೊದಲ ದಿನವೇ ಸಲೀಸಾಗಿ ನುಡಿಸಿದಳು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಅವಳು ಕೈ ನಿಲ್ಲಿಸಿ ನನ್ನ ಮುಖ ನೋಡಿ, "ನನ್ನನ್ನು ಕೊಲ್ಲಬೇಕು ಅನ್ನಿಸುತ್ತಿದೆಯಾ?" ಎಂದು ಕೇಳಿದಳು.

"ಹೌದು" ಎಂದೆ.

"ನಾನಾಗಿದ್ದರೂ ಹಾಗೇ. ಈ ಜಾಗದಲ್ಲಿ ಪೆಡಲ್ ಎಷ್ಟು?"

ಆ ಹೆಂಗಸಿನ ಮೇಲೆ ನನಗೆ ಮೊದಲ ಸಲ ಗೌರವ ಬಂತು. ಸಮಾಧಾನ ಮಾಡಲು ಬಾರದವಳು, ಕೆಲಸಕ್ಕೆ ಬಂದವಳು. ಅಮ್ಮ ಮಾತ್ರ ಅವಳು ಬಂದಾಗಲೆಲ್ಲ ನಗುನಗುತ್ತ ಉಪ್ಪಿಟ್ಟು ಕಾಫಿ ಕೊಟ್ಟು ಉಪಚರಿಸುತ್ತಿದ್ದಳು. ಅವಳ ಆ ನಗು ನನಗೆ ತಡೆಯಲಾಗುತ್ತಿರಲಿಲ್ಲ. ನನ್ನ ಜಾಗದಲ್ಲಿ ಇನ್ನೊಬ್ಬಳು ಕೂತು ನನ್ನ ಸಂಗೀತ ನುಡಿಸುತ್ತಿದ್ದರೆ ಇವಳಿಗೆ ಏನೂ ಅನ್ನಿಸುವುದಿಲ್ಲವೇ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಕಛೇರಿಯ ದಿನ ಅಮ್ಮ, ಸುಧೀಂದ್ರ, ನಾನು ಮೂವರೂ ಆಸ್ಟಿನ್‌ಗೆ ಡ್ರೈವ್ ಮಾಡಿಕೊಂಡು ಹೋದೆವು. ಹೆದ್ದಾರಿಯ ಅಂಚಿನ ಹುಲ್ಲಿನಲ್ಲಿ ನೀಲಿ ಹೂಗಳು ಅರಳಿದ್ದವು, ಕಾರು ನಿಲ್ಲಿಸಿಕೊಂಡು ಜನ ಮಕ್ಕಳನ್ನು ಕೂರಿಸಿ ಫೋಟೊ ತೆಗೆಯುತ್ತಿದ್ದರು. ಸಭಾಂಗಣ ಮುಕ್ಕಾಲು ತುಂಬಿತ್ತು. ಅಮ್ಮ ನನ್ನ ಎಡಕ್ಕೆ, ಸುಧೀಂದ್ರ ಬಲಕ್ಕೆ. ಡೇವಿಡ್ ವೇದಿಕೆಯಿಂದ ನನ್ನ ಹೆಸರು ಹೇಳಿ, ಈ ಕೃತಿ ಇವತ್ತು ಕೇಳಿಬರುತ್ತಿರುವುದು ಇವರಿಂದ ಎಂದ. ಜನ ತಿರುಗಿ ನೋಡಿ ಕರುಣೆಯಿಂದ ಚಪ್ಪಾಳೆ ತಟ್ಟಿದರು. ನಾನು ಹಲ್ಲು ಕಚ್ಚಿ ಕೂತೆ.

ಲಿಂಡಾ ಚೆನ್ನಾಗಿ ನುಡಿಸಿದಳು. ನನಗೆ ಬೇಕಾದ ಹಾಗಲ್ಲ, ಅವಳಿಗೆ ಬೇಕಾದ ಹಾಗೆ. ಎರಡನೆಯ ಭಾಗದಲ್ಲಿ ಒಂದು ಕಡೆ ನಾನು ಎಂದೂ ನಿಲ್ಲದಲ್ಲಿ ಒಂದು ಉಸಿರು ನಿಂತಳು, ಅದು ನನ್ನದಕ್ಕಿಂತ ಸೊಗಸಾಗಿತ್ತು. ಅದಕ್ಕೂ ಸಿಟ್ಟು ಬಂತು. ಆದರೆ ಸಂಗೀತ ಅಲ್ಲಿತ್ತು, ಆ ಕಾನ್ಚೆರ್ಟೊ ಬರೆದು ಸತ್ತ ಶಾಲಾ ಟೀಚರ ಸಂಗೀತ, ಟೆಕ್ಸಾಸಿನ ಜನರ ಕಿವಿಯಲ್ಲಿ. ಮುಗಿದಾಗ ಎಲ್ಲರೂ ಎದ್ದು ನಿಂತರು.

ಅಮ್ಮ ಏಳಲಿಲ್ಲ.

"ಏಳಮ್ಮ. ಎಲ್ಲಾರೂ ಎದ್ದಿದಾರೆ."

"ನಾನು ಏಳಲ್ಲ."

ಬಗ್ಗಿ ನೋಡಿದೆ. ಎರಡೂ ಕೈಗಳನ್ನು ಸೆರಗಿನೊಳಗೆ ಬಿಗಿಯಾಗಿ ಅದುಮಿಕೊಂಡು ಕೂತಿದ್ದಳು. ಮುಖ ಕೆಂಪಾಗಿತ್ತು. ಆ ಮುಖವನ್ನು ನಾನು ಅದುವರೆಗೂ ನೋಡಿರಲಿಲ್ಲ.

"ಚೆನ್ನಾಗೇ ನುಡಿಸಿದಳು, ಇಲ್ಲ ಅನ್ನಲ್ಲ. ಆದ್ರೆ ನಾನು ಚಪ್ಪಾಳೆ ಹೊಡೆಯಲ್ಲ. ಅದು ನಿನ್ನ ಜಾಗ ಕಣೇ. ನಿಂದು" ಎಂದಳು. "ನಿಂಗೇನೋ ಅವತ್ತು ಹೇಳ್ದೆ, ಎಲ್ಲಾದಕ್ಕೂ ಕಾರಣ ಇರತ್ತೆ ಅಂತ. ಆ ಹ್ಯೂಸ್ಟನ್ ಡಾಕ್ಟ್ರು ರೋಗದ ಹೆಸರು ಹೇಳಿದ ದಿನದಿಂದ ದೇವರ ಹತ್ರ ನಾನು ಠೂ ಬಿಟ್ಟಿದೀನಿ. ದೀಪ ಹಚ್ತೀನಿ, ಹೂ ಇಡ್ತೀನಿ, ಮನೆಗೆ ಆಗಬೇಕಲ್ಲ. ಮಾತು ಮಾತ್ರ ಆಡಿಲ್ಲ. ಇವತ್ತಿಗೂ ಆಡಿಲ್ಲ."

ಅಷ್ಟು ತಿಂಗಳು ನನ್ನ ಪಕ್ಕದ ಕೋಣೆಯಲ್ಲೇ, ಊದುಬತ್ತಿ ಹಚ್ಚಿಕೊಂಡು, ನನಗಿಂತ ದೊಡ್ಡ ಜಗಳ ನಡೆದಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ನನಗೆ ನಗು ಬಂತು, ಅದರ ಜೊತೆಗೇ ಅಳು ಬಂತು. ವೇದಿಕೆಯ ಮೇಲೆ ಲಿಂಡಾ ಸ್ವರಲಿಪಿಯ ಪುಸ್ತಕವನ್ನು ಎತ್ತಿ ಹಿಡಿದು ಸಭೆಗೆ ತೋರಿಸುತ್ತಿದ್ದಳು.

ಈಗ ನಾನು ಸಣ್ಣ ಸಣ್ಣ ಕೃತಿಗಳನ್ನು ನುಡಿಸುತ್ತೇನೆ. ಬೆರಳು ಕೆಲವು ದಿನ ಬರುತ್ತದೆ, ಕೆಲವು ದಿನ ಬರುವುದಿಲ್ಲ. ಹ್ಯೂಸ್ಟನ್‌ಗೆ ಇಂಜೆಕ್ಷನ್ನಿಗೆ ಹೋಗುತ್ತಲೇ ಇರುತ್ತೇನೆ. ಸಿಟ್ಟು ಹೋಗಿಲ್ಲ, ಹೋಗಲಿ ಎಂದೂ ನನಗೆ ಅನ್ನಿಸುವುದಿಲ್ಲ. ಆದರೆ ಆ ಸಂಜೆಯ ಮೇಲೆ ಅದು ಒಂಟಿ ಸಿಟ್ಟಲ್ಲ. ಆ ಸಭಾಂಗಣದಲ್ಲಿ ನಾನು ಎದ್ದು ನಿಂತು ಲಿಂಡಾಗೆ ಕೈ ನೋಯುವವರೆಗೂ ಚಪ್ಪಾಳೆ ತಟ್ಟಿದೆ. ಅಮ್ಮ ಕೊನೆಯವರೆಗೂ ಕೂತೇ ಇದ್ದಳು.